ಮಂಗಳವಾರ ರಾತ್ರಿಯ ಮೊಯೀಷಾ

ಲಾಸ್ ಏಂಜಲೀಸ್,
18 ಅಕ್ಟೋಬರ್ 2020

ಪೂಜ್ಯ ಚಿಕ್ಕಮ್ಮನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ; ಮೈಸೂರಿನಲ್ಲಿ ನೀವೂ ಅಪ್ಪನೂ ಕ್ಷೇಮವೆಂದು ನಂಬಿದ್ದೇನೆ.

ಮಂಗಳವಾರ ರಾತ್ರಿ ಯಾರು ಕರೆದರೂ ನಾನು ಟಿವಿಯ ಮುಂದಿನಿಂದ ಏಳುತ್ತಿರಲಿಲ್ಲವಲ್ಲ, ಆ ‘ಮೊಯೀಷಾ’ ಧಾರಾವಾಹಿ ಈ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಿತು. ಮಗಳೊಡನೆ ಕುಳಿತು ಆರೂ ಸೀಸನ್‌ಗಳನ್ನು ನೋಡಿ ಮುಗಿಸಿದ್ದೇನೆ.

1996ರ ಜನವರಿಯಿಂದ 2001ರ ಮೇ ತನಕ ಯುಪಿಎನ್ ವಾಹಿನಿಯಲ್ಲಿ ಪ್ರಸಾರವಾದ ಈ ಹಾಸ್ಯ ಧಾರಾವಾಹಿಯ ಕಥೆ ನಡೆಯುವುದು ನಮ್ಮದೇ ಊರಿನ, ಕಪ್ಪು ಜನರೇ ಹೆಚ್ಚಾಗಿದ್ದ ಲಮರ್ಟ್ ಪಾರ್ಕ್ ಎಂಬ ಬಡಾವಣೆಯಲ್ಲಿ. 1992ರಲ್ಲಿ ಈ ಊರಿನಲ್ಲಿ ನಡೆದ ಗಲಭೆಯ ನಂತರ ಆ ಕಡೆಯ ಬಡಾವಣೆಗಳ ಹೆಸರು ಸುದ್ದಿಯಲ್ಲಿ ಬಂದರೆ ಬೆಂಕಿ, ಪೊಲೀಸು, ಬಂದೂಕುಗಳ ಜೊತೆಗೇ ಬರುತ್ತಿದ್ದುದು ನಿಮಗೂ ನೆನಪಿರಬಹುದು. ಅಂಥ ಕಾಲದಲ್ಲಿ ರಾಲ್ಫ್ ಫಾರ್ಕರ್, ಸಾರಾ ಫಿನ್ನಿ, ವಿಡಾ ಸ್ಪಿಯರ್ಸ್ ಎಂಬ ಮೂವರು ಕಪ್ಪು ಬರಹಗಾರರು ಅಲ್ಲಿಯ ಹುಡುಗಿಯೊಬ್ಬಳ ಪರೀಕ್ಷೆ, ಗೆಳತಿಯರ ಮುನಿಸು, ಅಪ್ಪನ ಕಟ್ಟುಪಾಡು, ರಾತ್ರಿ ಬರೆಯುವ ದಿನಚರಿಗಳನ್ನೇ ಕಥೆಯಾಗಿಸಿದರು. ಮೊಯೀಷಾಳ ಪಾತ್ರ ಮಾಡಿದ ಗಾಯಕಿ ಬ್ರ್ಯಾಂಡಿಯ ಸಣ್ಣ ಸಣ್ಣ ಜಡೆಗಳನ್ನು ನೋಡಿದ ಮೇಲೆಯೇ, ನೀವು ಬೆಳಿಗ್ಗೆ ಹಾಕುತ್ತಿದ್ದ ಎಣ್ಣೆ ಜಡೆಯನ್ನು ಶಾಲೆಗೆ ಹೋಗಿ ಬಿಚ್ಚಿಕೊಳ್ಳುವುದನ್ನು ನಾನು ನಿಲ್ಲಿಸಿದ್ದು. ಇದನ್ನು ನಿಮಗೆ ಎಂದೂ ಹೇಳಿರಲಿಲ್ಲ.

ಈ ಪತ್ರ ಬರೆಯಬೇಕೆನ್ನಿಸಿದ್ದು ಡೀ ಎಂಬ ಪಾತ್ರದಿಂದಾಗಿ. ತಾಯಿ ತೀರಿಕೊಂಡ ಮೇಲೆ ಮನೆಗೆ ತಾನೇ ಯಜಮಾನಿಯೆಂಬಂತೆ ಇದ್ದ ಮೊಯೀಷಾಳ ಬಾಳಿನೊಳಕ್ಕೆ, ಅವಳ ಅಪ್ಪ ಫ್ರ್ಯಾಂಕ್‌ನನ್ನು ಮದುವೆಯಾಗಿ ಬರುವವಳು ಡೀ. ನಟಿಸಿದವರು ಶೆರಿಲ್ ಲೀ ರಾಲ್ಫ್. ಮೊಯೀಷಾ ಅವಳನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಆಗ ಅವರ ಪ್ರತಿ ಜಗಳದಲ್ಲೂ ನಾನು ಮೊಯೀಷಾಳ ಪಕ್ಷ. ಈಗ ನೋಡುವಾಗ ನನ್ನ ಕಣ್ಣು ಡೀಯನ್ನು ಬಿಟ್ಟು ಕದಲಲಿಲ್ಲ. ಗದರಬೇಕಾದಲ್ಲಿ ಆ ಹಕ್ಕು ತನಗಿದೆಯೇ ಎಂದು ಆಕೆ ಅಳೆದು ನೋಡುವುದು ಅಂದು ನನಗೆ ಕಂಡಿರಲೇ ಇಲ್ಲ. ಫ್ರ್ಯಾಂಕ್‌ನ ಸೋದರಳಿಯನೆಂದು ಮನೆಗೆ ಬಂದ ಡೋರಿಯನ್ ಅವನ ಮಗನೇ ಎಂದು ಹೊರಬಿದ್ದಾಗಲೂ ನಾನು ಮೊಯೀಷಾಳ ಸಿಟ್ಟನ್ನಷ್ಟೇ ಕಂಡಿದ್ದೆ. ಅದೇ ಮನೆಯಲ್ಲಿ ಡೀಗೂ ಆ ಸುಳ್ಳು ತಾಗಿತ್ತು.

ಅಮ್ಮನ ತಂಗಿಯಾಗಿ ನೀವು ಮೊದಲೇ ನನಗೆ ಚಿಕ್ಕಮ್ಮ. ಅಪ್ಪನನ್ನು ಮದುವೆಯಾಗಿ ಈ ಊರಿಗೆ ಬಂದಾಗ ಕರೆಯುವ ಹೆಸರನ್ನು ಬದಲಿಸಬೇಕಾಗಿರಲಿಲ್ಲ. ಆದರೂ ಒಂದಿಡೀ ವರ್ಷ ನಾನು ನಿಮ್ಮನ್ನು ಏನೆಂದೂ ಕರೆಯದೆ, ಎದುರಿಗೆ ಬಂದು ನಿಂತು ಮಾತಾಡಿಬಿಡುತ್ತಿದ್ದೆ. ಒಂದು ಮಂಗಳವಾರ ನೀವು ಬಟ್ಟೆ ಮಡಿಸುತ್ತಾ ಪಕ್ಕದಲ್ಲಿ ಕುಳಿತಿದ್ದಿರಿ. ಮೊಯೀಷಾ ದುರದುರನೆ ಎದ್ದು ಹೋದಾಗ, ಇಂಗ್ಲಿಷು ಅರ್ಧವೂ ತಿಳಿಯದಿದ್ದ ನೀವು, “ಪಾಪ, ಆ ಹೆಂಗಸು” ಎಂದಿರಿ. ನಾನು ಟಿವಿಯ ಸದ್ದು ಹೆಚ್ಚಿಸಿದೆ. ಅದಕ್ಕಾಗಿ ನನ್ನನ್ನು ಕ್ಷಮಿಸಿ, ಚಿಕ್ಕಮ್ಮ.

ಕೊನೆಯ ಕಂತಿನಲ್ಲಿ ಮೊಯೀಷಾಳ ತಮ್ಮ ಮೈಲ್ಸ್‌ನನ್ನು ಯಾರೋ ಅಪಹರಿಸುತ್ತಾರೆ. ವಾಹಿನಿಯವರು ಧಾರಾವಾಹಿಯನ್ನು ನಿಲ್ಲಿಸಿದ್ದರಿಂದ ಕಥೆ ಅಲ್ಲಿಗೇ ನಿಂತಿದೆ. ಮುಂದೇನಾಯಿತೆಂದು ನಿಮ್ಮ ಮೊಮ್ಮಗಳು ದಿನವೂ ಕೇಳುತ್ತಾಳೆ. ವಿಮಾನಗಳು ಮೊದಲಿನಂತೆ ಹಾರತೊಡಗಿದ ಮೇಲೆ ಅವಳನ್ನು ಕರೆದುಕೊಂಡು ಬರುತ್ತೇನೆ. ಮೊದಲ ಕಂತಿನಿಂದ ನಿಮ್ಮೊಡನೆ ನೋಡುವ ಆಸೆಯಿದೆ. ತಿಳಿಯದ ಮಾತುಗಳನ್ನು ನಿಲ್ಲಿಸಿ ನಿಲ್ಲಿಸಿ ಹೇಳುತ್ತೇನೆ.

ಇಂತಿ,
ನಿಮ್ಮ ಮಗಳು