ದಾಟಲಾಗದವರನ್ನೂ ಎಣಿಸಿ: ಕಾಸರಗೋಡು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರೇ,

ಸಾದರ ನಮಸ್ಕಾರಗಳು.

ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ಇತ್ತ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲವಾದದ್ದು ನಮಗೆಲ್ಲ ಬೇಕಾಗಿತ್ತು. ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವಾಗ ಉಳಿಯುವ ಹತ್ತು ನಿಮಿಷದ ಬೆಲೆ ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ರಸ್ತೆಯನ್ನು ಅಡ್ಡ ದಾಟಬೇಕಾದವರ ಗತಿ ಏನು ಎಂದು ತಮ್ಮ ಗಮನಕ್ಕೆ ತರಬೇಕಾಗಿದೆ.

ನಮ್ಮೂರಿನಲ್ಲಿ ಪಡುಬದಿಯ ಮನೆಯಂಗಳಕ್ಕೆ ಮೂಡುಬದಿಯ ಶಾಲೆಯ ಗಂಟೆ ಕೇಳಿಸುತ್ತದೆ. ನಡುವೆ ಕಾಂಕ್ರೀಟ್ ಗೋಡೆ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಗೋಡೆಗೆ ಮೈ ಒತ್ತಿಕೊಂಡು, ಸರ್ವಿಸ್ ರಸ್ತೆಯಲ್ಲಿ ಎದುರಾಗುವ ಬಸ್ಸಿಗೆ ದಾರಿ ಬಿಟ್ಟು, ದೂರದ ಅಂಡರ್‌ಪಾಸಿನವರೆಗೆ ನಡೆಯುತ್ತಾರೆ. ಮಕ್ಕಳನ್ನು ಕಳಿಸಲು ಆಟೋಗೆ ದುಡ್ಡು ತೆರುವವರಿದ್ದಾರೆ. ಇಲ್ಲೊಂದು ಅಂಡರ್‌ಪಾಸ್ ಕೊಡಿ ಎಂದು ಕೇಳಿದರೆ ಸಂಬಂಧಪಟ್ಟವರಿಂದ ಸಿಗುವ ಉತ್ತರ ಒಂದೇ: ‘ಇಲ್ಲಿ ದಾಟುವವರು ಕಡಿಮೆ.’

ಈ ಉತ್ತರ ಏಕೆ ಒಪ್ಪತಕ್ಕದ್ದಲ್ಲ ಎಂಬುದಕ್ಕೆ ರಸ್ತೆ ಅಳೆಯುವ ಶಾಸ್ತ್ರದಲ್ಲೇ ಆಧಾರವಿದೆ. 1930ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಬ್ರೂಸ್ ಗ್ರೀನ್‌ಶೀಲ್ಡ್ಸ್ ಎಂಬ ಎಂಜಿನಿಯರ್ ರಸ್ತೆಬದಿಯಲ್ಲಿ ಚಲನಚಿತ್ರ ಕ್ಯಾಮೆರಾ ಇಟ್ಟು, ನಿಗದಿತ ಸಮಯಕ್ಕೊಮ್ಮೆ ಚಿತ್ರ ತೆಗೆದರು. ಎರಡು ಚಿತ್ರಗಳ ನಡುವೆ ಕಾರು ಎಷ್ಟು ದೂರ ಸರಿಯಿತು ಎಂಬುದರಿಂದ ವೇಗ ಸಿಕ್ಕಿತು. ಚಿತ್ರದಲ್ಲಿ ಎಷ್ಟು ಕಾರುಗಳಿವೆ ಎಂಬುದರಿಂದ ಸಾಂದ್ರತೆ. ರಸ್ತೆ ತುಂಬುತ್ತಾ ಹೋದಂತೆ ವೇಗ ಕುಗ್ಗುತ್ತದೆ ಎಂದು ಅವರು ಅಂಕಿಗಳಲ್ಲಿ ತೋರಿಸಿದರು. ಗಂಟೆಗೆ ಸಾಗುವ ವಾಹನಗಳ ಸಂಖ್ಯೆ ವೇಗ, ಸಾಂದ್ರತೆ ಇವೆರಡರ ಗುಣಲಬ್ಧ. ಹಾಗಾಗಿ ಆ ಸಂಖ್ಯೆ ಸೊನ್ನೆಗೆ ಇಳಿಯಲು ಎರಡು ಕಾರಣಗಳಿರಬಹುದು: ರಸ್ತೆ ಖಾಲಿ ಇರಬಹುದು, ಇಲ್ಲವೇ ಕಾಲಿಡಲು ಜಾಗವಿಲ್ಲದಷ್ಟು ತುಂಬಿ ಎಲ್ಲವೂ ನಿಂತಿರಬಹುದು. ಬರೀ ಎಣಿಕೆ ನೋಡಿದವರಿಗೆ ಎರಡೂ ಒಂದೇ.

ಗೋಡೆಯ ಬದಿಯ ಎಣಿಕೆಗೂ ಇದೇ ಮಾತು. ದಾಟುವವರು ಕಡಿಮೆ ಇದ್ದಾರೆಂದರೆ ದಾಟುವ ಅಗತ್ಯವಿಲ್ಲ ಎಂದೇ ಅರ್ಥವೇ? ದಾಟಲು ಬಿಡಲಿಲ್ಲ ಎಂದೂ ಆಗಬಹುದಲ್ಲವೇ?

ರಸ್ತೆಗಳಿಗೆ ಮಾನದಂಡ ರೂಪಿಸುವ ನಮ್ಮ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿ ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತಂದಿತು: ಕಾರು, ಆಟೋ 1; ಬೈಕು, ಸೈಕಲ್ 0.5; ಬಸ್ಸು, ಲಾರಿ 3; ಎತ್ತಿನಗಾಡಿ 8. ಕೈಗಾಡಿಗೂ ಆ ಪಟ್ಟಿಯಲ್ಲಿ ಜಾಗವಿದೆ. ನಡೆದು ಹೋಗುವವರಿಗೆ ಇಲ್ಲ. ಪಾದಚಾರಿಗಳಿಗೆಂದೇ ಇರುವ ಬೇರೆ ಮಾರ್ಗಸೂಚಿಯಲ್ಲಿ, ದಾಟಲು ವ್ಯವಸ್ಥೆ ಬೇಕೇ ಎಂದು ನಿರ್ಧರಿಸಲು ಒಂದು ಸೂತ್ರವಿದೆ: ದಟ್ಟಣೆಯ ಗಂಟೆಯಲ್ಲಿ ದಾಟುವವರ ಸಂಖ್ಯೆಯನ್ನು ವಾಹನ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ವಾಹನ ಇಮ್ಮಡಿಯಾದರೆ ಉತ್ತರ ನಾಲ್ಕು ಪಟ್ಟಾಗುತ್ತದೆ, ಸರಿಯೇ. ಆದರೆ ಗೋಡೆ ಎದ್ದು ದಾಟುವವರೇ ಇಲ್ಲವಾದಾಗ, ವಾಹನ ಎಷ್ಟೇ ಇರಲಿ, ಉತ್ತರ ಸೊನ್ನೆಯೇ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ತಲಪಾಡಿಯಿಂದ ಕುಂಬಳೆಯವರೆಗೆ ದಾಟುದಾರಿಗೆ ಬೇಡಿಕೆಯಿರುವ ಪ್ರತಿ ಊರಿನಲ್ಲೂ ಹೊಸ ಸಮೀಕ್ಷೆ ಮಾಡಿಸಿ. ಡಾಂಬರಿನ ಅಂಚಿನಲ್ಲಿ ನಿಂತು ಎಣಿಸಿದರೆ ಸಾಲದು. ಶಾಲೆಯ ಬಾಗಿಲಲ್ಲಿ, ರೇಷನ್ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಬೇಕು: ಎಲ್ಲಿಂದ ಬಂದಿರಿ, ಎಷ್ಟು ಸುತ್ತಿ ಬಂದಿರಿ, ಬರುವುದನ್ನೇ ಬಿಟ್ಟವರು ಮನೆಯಲ್ಲಿ ಯಾರಿದ್ದಾರೆ? ವಾರದ ಏಳೂ ದಿನ ಕೇಳಬೇಕು. ಶುಕ್ರವಾರದ ನಮಾಜಿನ ಹೊತ್ತು, ಬೆಳಗಿನ ಮದ್ರಸ, ದೇವಸ್ಥಾನದ ಉತ್ಸವದ ದಿನ ಎಲ್ಲವೂ ಲೆಕ್ಕಕ್ಕೆ ಬರಬೇಕು. ಮಳೆಗಾಲದಲ್ಲಿ ಇನ್ನೊಮ್ಮೆ ಆಗಬೇಕು. ವರದಿ ಮಲಯಾಳದ ಜೊತೆಗೆ ಕನ್ನಡದಲ್ಲೂ ಪಂಚಾಯತ್ ಕಚೇರಿಯ ಫಲಕಕ್ಕೆ ಬರಲಿ. ಇಲ್ಲಿನ ಹಿರಿಯರಲ್ಲಿ ಬಹಳ ಮಂದಿ ಓದುವುದು ಕನ್ನಡವನ್ನೇ.

ಸಮೀಕ್ಷೆಯ ದಿನಾಂಕವನ್ನು ಒಂದು ವಾರ ಮೊದಲು ತಿಳಿಸಿದರೆ ಎರಡೂ ಬದಿಯಲ್ಲಿ ಎಣಿಕೆಗೆ ನಿಲ್ಲಲು ನಮ್ಮ ವಾಚನಾಲಯದ ಯುವಕರು ಸಿದ್ಧರಿದ್ದಾರೆ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ಮತದಾರ