ಮಗಳಿಗೊಂದು ಪತ್ರ: ಡ್ರಾಯರಿನಲ್ಲಿ ಉಳಿದ ಬಿಲ್ಲು

ಪುಟ್ಟಿ,

ಭಾನುವಾರ ನೀನು ಪಟ್ಟಂತ ಫೋನ್ ಇಟ್ಟ ಮೇಲೆ ಸುಮ್ನೆ ಕೂತೇ ಇದ್ದೆ. ಒಲೆ ಮೇಲೆ ಸಾರು ತಳ ಹಿಡಿಯಿತು. ನಿಮ್ಮಪ್ಪ ಬಂದು ಗ್ಯಾಸ್ ಆರಿಸಿ, ಏನೂ ಕೇಳದೆ ಹೋದರು. ಆಡಿಟ್‌ನವರು ಅಂದರೆ ವೋಚರಿಗೆ ಸ್ಟಾಂಪ್ ಅಂಟಿಸಿದ್ದಾರಾ ಅಂತ ನೋಡುವವರು, ಸಂಬಳ ಕಡಿಮೆ ಮಾಡಿಕೊಂಡು ಆ ಕೆಲಸಕ್ಕೆ ಯಾಕೆ ಹೋಗ್ತೀಯ ಅಂದುಬಿಟ್ಟೆ. ಅನ್ನಬಾರದಿತ್ತು. ಅಮೆರಿಕಾದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಫೀಸಿನಲ್ಲಿ, ಅಂದರೆ ಇಲಾಖೆಯವರ ತಪ್ಪನ್ನೇ ಹುಡುಕುವ ಆಫೀಸಿನಲ್ಲಿ, ನನ್ನ ಮಗಳು ಎಫ್‌ಬಿಐನವರ ಲೆಕ್ಕ ನೋಡ್ತಾಳೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ ಕಣೇ. ಬೈದಿದ್ದು ನಿನಗೊಬ್ಬಳಿಗೇ.

ನೀನು ಕಳಿಸಿದ ರಿಪೋರ್ಟುಗಳನ್ನು ಪ್ರಿಂಟ್ ಹಾಕಿಸಿ, ಕನ್ನಡಕ ಹಾಕಿಕೊಂಡು ಮೂರು ರಾತ್ರಿ ಓದಿದೆ. ಎಫ್‌ಬಿಐನವರು ಕೇಸಿನ ಕಡತಗಳನ್ನು ಕಂಪ್ಯೂಟರಿಗೆ ಹಾಕ್ತೀವಿ ಅಂತ ಹೊರಟು, ಸುಮಾರು 17 ಕೋಟಿ ಡಾಲರ್ ಸುರಿದು, 2005ರಲ್ಲಿ ಕೈಬಿಟ್ಟರಲ್ಲ, ಅದನ್ನು ಓದುವಾಗ ನಗು ಬಂತು. ದುಡ್ಡು ಹೋಗಿದ್ದಕ್ಕಲ್ಲ. ಅದು ಸೇರಿದ್ದ ಇಡೀ ಯೋಜನೆಗೆ ಮೂರು ವರ್ಷ ಚಿಲ್ಲರೆಯಲ್ಲಿ ಐದು ಜನ ಮುಖ್ಯ ಮಾಹಿತಿ ಅಧಿಕಾರಿಗಳು, ಹತ್ತು ಜನ ಪ್ರಾಜೆಕ್ಟ್ ಮ್ಯಾನೇಜರುಗಳು ಬಂದು ಹೋದರಂತೆ. ಚಾರ್ಜ್ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಇದಕ್ಕೆ ವಾಷಿಂಗ್ಟನ್ನೇ ಆಗಬೇಕಾ, ನಮ್ಮ ತಾಲ್ಲೂಕು ಸಾಕಿತ್ತು.

ಆದರೆ 2008ರ ಜನವರಿಯ ರಿಪೋರ್ಟು ಓದುವಾಗ ನಗು ಬರಲಿಲ್ಲ. ಫೋನ್ ಕದ್ದು ಕೇಳಿದ್ದಕ್ಕೆ ಎಫ್‌ಬಿಐನವರು ಟೆಲಿಫೋನ್ ಕಂಪನಿಗಳಿಗೆ ಕಟ್ಟಬೇಕಾದ 990 ಬಿಲ್ಲು ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊತ್ತಿಗೆ ಸರಿಯಾಗಿ ಕಟ್ಟಿರಲಿಲ್ಲ. ಒಂದೇ ಆಫೀಸಿನ ಬಾಕಿ 66 ಸಾವಿರ ಡಾಲರ್. ದುಡ್ಡು ಬರದೆ ಕಂಪನಿಯವರು ಲೈನ್ ಕತ್ತರಿಸಿದರು, ಕದ್ದು ಕೇಳುವುದೇ ನಿಂತುಹೋಯಿತು. ಅಷ್ಟು ದೊಡ್ಡ ಪೊಲೀಸರು, ಫೋನ್ ಬಿಲ್ ಕಟ್ಟಿಲ್ಲ!

ಆ ಪುಟ ಓದಿ ದೀಪ ಆರಿಸಿದೆ. ನಿದ್ದೆ ಬರಲಿಲ್ಲ.

ನಿನಗೆ ಅಮ್ಮ ಆಗಿತ್ತಲ್ಲ, ಎರಡನೇ ಕ್ಲಾಸಿನಲ್ಲಿ. ಬೇವಿನ ಸೊಪ್ಪು, ಎಳನೀರು, ಅದೆಲ್ಲ ನಿನಗೇ ನೆನಪಿದೆ. ನಿನಗೆ ಗೊತ್ತಿಲ್ಲದ್ದು ಆಫೀಸಿನದು. ಹದಿನೈದು ದಿನ ರಜ ಬರೆದು ಬಂದೆ, ನನ್ನ ಟೇಬಲ್ಲಿನ ಚಾರ್ಜ್ ಯಾರೂ ತಗೊಳ್ಳಲಿಲ್ಲ. ಡ್ರಾಯರಿನಲ್ಲಿ ಹಾಸ್ಟೆಲಿನ ಫೋನ್ ಬಿಲ್ ಇತ್ತು. 1,140 ರೂಪಾಯಿ. ಗ್ರ್ಯಾಂಟ್ ಬಂದಿತ್ತು. ಬರೆದು, ಸಾಹೇಬರ ಸಹಿ ಹಾಕಿಸಿ, ಖಜಾನೆಗೆ ಕಳಿಸಿದ್ದರೆ ಮುಗೀತಿತ್ತು. ರಜ ಮುಗಿಸಿ ಬಂದ ಮೇಲೂ ಬಿಲ್ಲು ಕೈಗೆ ಸಿಕ್ಕಿತು, ನಾಳೆ ಪುಟ್ ಅಪ್ ಮಾಡೋಣ ಅಂತ ಮತ್ತೆ ಒಳಗಿಟ್ಟೆ. ಲೈನ್ ಕತ್ತರಿಸಿದರು. ಆ ವಾರವೇ ಒಂದು ರಾತ್ರಿ ಹುಡುಗನೊಬ್ಬನಿಗೆ ಜ್ವರ ನೆತ್ತಿಗೇರಿತು. ಫೋನ್ ಇಲ್ಲ. ಅಡುಗೆಯವನು ಮಳೆಯಲ್ಲಿ ಎರಡು ಮೈಲಿ ನಡೆದು ಜೀಪು ತಂದ. ಹುಡುಗ ಉಳಿದ, ದೇವರು ದೊಡ್ಡವನು. ಬೆಳಿಗ್ಗೆ ವಾರ್ಡನ್ ಬಂದು ನನ್ನ ಟೇಬಲ್ ಮುಂದೆ ನಿಂತರು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಮೇಡಂ, ಬಿಲ್ಲು ಏನಾಯ್ತು?"

"ಇಲ್ಲಿಗೆ ಬಂದೇ ಇಲ್ಲ" ಅಂದೆ.

ನೋಡು, ಇಷ್ಟು ವರ್ಷ ಆಯ್ತು, ಆ ನೀರು ಬಿದ್ದ ಜಾಗ ಈಗಲೂ ಕಾಣಿಸುತ್ತದೆ. ಬಿಲ್ಲು ಬಂದಿಲ್ಲ ಅಂದ ಮೇಲೆ ತಂದುಕೊಡಬೇಕಾದವನ ತಪ್ಪು ಅಂತ ಆಯ್ತು. ಅಟೆಂಡರ್‌ಗೆ ಮೆಮೊ ಕೊಟ್ಟರು. ಅವನಿಗೆ ಓದೋಕೆ ಬರುತ್ತಿರಲಿಲ್ಲ. ಮೆಮೊ ಹಿಡಿದು ನನ್ನ ಹತ್ತಿರವೇ ಬಂದ, ಉತ್ತರ ಬರೆದುಕೊಡಿ ಅಕ್ಕ ಅಂತ. ಬರೆದುಕೊಟ್ಟೆ. ನನ್ನ ಕೈಯಾರೆ, "ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ" ಅಂತ. ಒಂದು ಇನ್‌ಕ್ರಿಮೆಂಟ್ ಹೋಯಿತು ಅವನಿಗೆ. ಬಿಲ್ಲನ್ನು ಸಂಜೆ ಚೂರು ಚೂರು ಹರಿದೆ.

ಆರು ತಿಂಗಳಿಗೆ ಆಡಿಟ್ ಬಂತು. ಮೂರು ದಿನ ಕಾಫಿ ಕುಡಿದು ಹನ್ನೊಂದು ಆಬ್ಜೆಕ್ಷನ್ ಬರೆದರು. ಬಂದ ಕಾಗದ ಬರೆದುಕೊಳ್ಳುವ ಇನ್‌ವರ್ಡ್ ರಿಜಿಸ್ಟರಿನಲ್ಲಿ ಆ ಬಿಲ್ಲಿನ ನಂಬರ್ ಇತ್ತು, ಎದುರಿಗೆ ನನ್ನ ಸಹಿಯೂ ಇತ್ತು. ಆ ಪುಟ ಯಾರೂ ತಿರುವಲಿಲ್ಲ. ಆಡಿಟ್‌ನವರನ್ನು ಕಂಡರೆ ನನಗೆ ಯಾಕೆ ಕೋಪ ಅಂತ ಭಾನುವಾರ ಕೇಳಿದೆಯಲ್ಲ, ಇದಕ್ಕೇ. ನನ್ನನ್ನು ಹಿಡಿಯಲಿಲ್ಲ ಅಂತ.

ಅದಕ್ಕೇ ಹೇಳುವುದು, ಪುಟ್ಟಿ, ಕ್ಲರ್ಕ್ ಹೇಳಿದ್ದನ್ನು ನಂಬಿ ಎದ್ದು ಬರಬೇಡ, ರಿಜಿಸ್ಟರ್ ತರಿಸು, ತಾರೀಖು ನೋಡು, ಚಾರ್ಜ್ ಯಾರಿಂದ ಯಾರಿಗೆ ಹೋಯಿತು ಕೇಳು, ತಪ್ಪು ಅಟೆಂಡರ್ ತಲೆಗೆ ಬಂದು ನಿಂತಿದ್ದರೆ ಅಲ್ಲಿಂದ ಮೇಲಕ್ಕೆ ಹೋಗು, ಊಟ ಬಿಡಬೇಡ, ಅವರು ಕೊಟ್ಟ ಕಾಫಿ ಕುಡಿಯಬೇಡ... ಶುರುವಾಯ್ತು ನನ್ನ ಭಾಷಣ. ನಿನಗೆ ಗೊತ್ತಿಲ್ಲದ್ದೇನಲ್ಲ ಬಿಡು.

ಭಯವೂ ಇದೆ. ಎಫ್‌ಬಿಐನವರು ನಿಮ್ಮ ಆಫೀಸಿಗೆ ಕೆಲವು ಕಾಗದ ಕೊಡಲ್ಲ ಅಂತ ವರ್ಷಗಟ್ಟಲೆ ಕೂತು, ಕೊಡಲೇಬೇಕು ಅಂತ 2016ರಲ್ಲಿ ಕಾನೂನೇ ಮಾಡಬೇಕಾಯಿತಂತೆ. 2025ರ ಜನವರಿಯಲ್ಲಿ ಬೇರೆ ಬೇರೆ ಇಲಾಖೆಗಳ ಒಂದು ಡಜನ್‌ಗೂ ಹೆಚ್ಚು ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಂದೇ ರಾತ್ರಿ ಮನೆಗೆ ಕಳಿಸಿದರು. ಮೇಲಿನವರಿಗೇ ಹೀಗಾದರೆ ನಿನ್ನ ಗತಿ ಏನು ಅಂತ ಕೇಳಬೇಕು ಅನ್ನಿಸುತ್ತದೆ. ಕೇಳಿದರೆ ಮತ್ತೆ ಫೋನ್ ಇಡ್ತೀಯ.

ಆ ಅಟೆಂಡರ್ ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದ. ರಿಟೈರ್ ಆಗಿ ಎಷ್ಟೋ ವರ್ಷ, ಹಲ್ಲು ಉದುರಿವೆ. "ಅಕ್ಕ, ಮಗಳು ಏನು ಕೆಲಸ ಮಾಡ್ತಾಳೆ?" ಅಂದ. ಅಮೆರಿಕಾದಲ್ಲಿ ಪೊಲೀಸರ ಲೆಕ್ಕ ನೋಡ್ತಾಳೆ ಅಂದೆ. ಖುಷಿಪಟ್ಟ. ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು ಅಂತ ನನ್ನ ಚೀಲ ಎತ್ತಿ ಒಳಗಿಟ್ಟುಕೊಟ್ಟ.

ಚಟ್ನಿಪುಡಿ ಪಾರ್ಸೆಲ್ ಮಾಡಿದ್ದೇನೆ. ಸೋಮವಾರ ಕೆಲಸಕ್ಕೆ ಸೇರಿದ ಮೇಲೆ ಒಂದು ಫೋನ್ ಮಾಡು.

ಅಮ್ಮ