ಪಂಡರಿಬಾಯಿಗೆ ಹುಟ್ಟೂರಲ್ಲಿ ಹತ್ತಡಿ ಜಾಗ: ಶಾಸಕರಿಗೊಂದು ಬಹಿರಂಗ ಪತ್ರ

ಭಟ್ಕಳ–ಹೊನ್ನಾವರ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಸಿನಿಮಾ ನಟಿ ಪಂಡರಿಬಾಯಿ ಅವರ ನೆನಪಿಗೆ ಭಟ್ಕಳದಲ್ಲೊಂದು ಕಟ್ಟೆ ಕಟ್ಟಲು ನಾವು ಚಂದಾ ಎತ್ತುತ್ತಿದ್ದೇವೆ. ನಮ್ಮ ರಶೀದಿ ಪುಸ್ತಕದ ಮೊದಲ ಹಾಳೆ 51 ರೂಪಾಯಿಯದ್ದು. ಕೊಟ್ಟವರು ಭಟ್ಕಳ ಪೇಟೆಯಲ್ಲಿ ಮಲ್ಲಿಗೆ ಮಾರುವ ಒಬ್ಬ ಅಮ್ಮ. ಪಂಡರಿಬಾಯಿ ಅಂದಾಗ ಯಾರೆಂದು ಅವರಿಗೆ ಹೊಳೆಯಲಿಲ್ಲ. ಜೊತೆಗಿದ್ದ ಗೆಳೆಯ ಮೊಬೈಲಿನಲ್ಲಿ ‘ಅನುರಾಗ ಅರಳಿತು’ ಚಿತ್ರದ ಒಂದು ತುಣುಕು ಹಾಕಿ ತೋರಿಸಿದ. ಬಾಳೆನಾರು ಹಿಡಿದ ಬೆರಳು ಅಲ್ಲೇ ನಿಂತಿತು. “ಅಯ್ಯೋ, ಇವ್ರಾ! ರಾಜ್‌ಕುಮಾರ್ ತಾಯಿ ಅಲ್ದಾ? ಇವ್ರು ನಮ್ಮೂರವ್ರಾ?” ಅನ್ನುತ್ತಲೇ ಸೆರಗಿನ ಗಂಟು ಬಿಚ್ಚಿದರು.

ಮೂರು ತಿಂಗಳಿಂದ ಊರು ಸುತ್ತುತ್ತಿರುವ ನಮಗೆ ಸಿಕ್ಕಿದ್ದೆಲ್ಲ ಹೆಚ್ಚು ಕಡಿಮೆ ಇದೇ ಮಾತು. ಮುಖ ಗೊತ್ತು, ಹೆಸರು ಗೊತ್ತಿಲ್ಲ. ಹೆಸರು ಗೊತ್ತಿದ್ದವರಿಗೆ ಊರು ಗೊತ್ತಿಲ್ಲ. ಒಬ್ಬ ನಿವೃತ್ತ ಮೇಷ್ಟ್ರಂತೂ ಆಕೆ ತಮಿಳರು ಎಂದು ನನ್ನ ಜೊತೆ ಅರ್ಧ ಗಂಟೆ ವಾದಿಸಿದರು.

ಅವರ ತಪ್ಪೂ ಅಲ್ಲ ಬಿಡಿ. ಭಟ್ಕಳದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹರಿಕಥೆ ಮಾಡುತ್ತಿದ್ದ ಈ ಹುಡುಗಿ 1943ರ ‘ವಾಣಿ’ಯಿಂದ ಸಿನಿಮಾಕ್ಕೆ ಬಂದವರು. ಮುಂದೆ ಬದುಕು ಮದ್ರಾಸಿನಲ್ಲೇ ನೆಲೆ ನಿಂತಿತು. 1952ರಲ್ಲಿ ಶಿವಾಜಿ ಗಣೇಶನ್ ಮೊದಲ ಸಲ ತೆರೆಗೆ ಬಂದ ‘ಪರಾಶಕ್ತಿ’ಯಲ್ಲಿ ಜೊತೆಗಿದ್ದವರು ಇವರು. ಎರಡು ವರ್ಷ ಕಳೆದು 1954ರಲ್ಲಿ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ದ ನೀಲಳೂ ಇವರೇ. ಎರಡು ನಾಡುಗಳು ತಲೆಮೇಲೆ ಹೊತ್ತು ಮೆರೆಸಿದ ಇಬ್ಬರು ನಟರ ಮೊದಲ ಹೆಜ್ಜೆಗೆ ಜೊತೆಯಾದವರು ಒಬ್ಬರೇ, ಅದೂ ನಮ್ಮೂರವರು! 1957ರಲ್ಲಿ ‘ರಾಯರ ಸೊಸೆ’ಯನ್ನು ತಾವೇ ನಿರ್ಮಿಸಿದರು. ಹೆಂಗಸು ನಿರ್ಮಾಪಕಿಯಾಗಿ ಕೂರುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆಮೇಲಿನದ್ದು ನಿಮಗೂ ಗೊತ್ತಿರುವ ಕಥೆ. ನಾಯಕರು ನಾಯಕರಾಗಿಯೇ ಉಳಿದರು, ನಾಯಕಿ ತಾಯಿಯಾದರು. 1954ರಲ್ಲಿ ರಾಜ್‌ಕುಮಾರ್‌ಗೆ ಹೆಂಡತಿ, 1986ರ ‘ಅನುರಾಗ ಅರಳಿತು’ ಹೊತ್ತಿಗೆ ಹಾಸಿಗೆ ಹಿಡಿದ ತಾಯಿ. ಅದು ತಮಿಳಿಗೆ ‘ಮನ್ನನ್’ ಆಗಿ ಹೋದಾಗ ರಜನೀಕಾಂತ್‌ಗೂ ಇವರೇ ತಾಯಿ. 1969ರ ‘ದೈವಮಗನ್’ ಇನ್ನೂ ಸೋಜಿಗ. ಅದರಲ್ಲಿ ಶಿವಾಜಿಯವರದ್ದು ಮೂರು ಪಾತ್ರ. ಪಂಡರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರು ಶಿವಾಜಿಗೆ ತಾಯಿ. ತನಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯರಾದ ಎಂ.ಜಿ.ಆರ್. ಅವರಿಗೂ ತಾಯಿಯಾದರು. ನಾನು ಇದನ್ನು ಹೇಳಿದಾಗ ಜನ ನಗುತ್ತಾರೆ. ನನಗೂ ಮೊದಮೊದಲು ನಗು ಬಂದಿತ್ತು.

2003ರ ಜನವರಿ 29ರಂದು ಅವರು ಚೆನ್ನೈನಲ್ಲಿ ತೀರಿಕೊಂಡರು. ಸರಿಯಾಗಿ 20 ವರ್ಷದ ಮೇಲೆ, 2023ರ ಅದೇ ಜನವರಿ 29ರಂದು, ಮೈಸೂರಿನಲ್ಲಿ ವಿಷ್ಣುವರ್ಧನ್ ಸ್ಮಾರಕ ಉದ್ಘಾಟನೆಯಾಯಿತು. ಸರ್ಕಾರ ಅದಕ್ಕೆ ಕೋಟಿಗಳಲ್ಲಿ ಖರ್ಚು ಮಾಡಿತು. ಮಾಡಿದ್ದು ಸರಿಯೇ, ಅಲ್ಲಿಗೆ ಹೋಗಿ ಕೈಮುಗಿದು ಬಂದವರಲ್ಲಿ ನಾನೂ ಒಬ್ಬ. ಆದರೆ ಅದೇ ತಾರೀಖಿಗೆ ತೀರಿಕೊಂಡ ನಮ್ಮೂರವರನ್ನು ನೆನೆದು ಆವತ್ತು ಊಟ ಸೇರಲಿಲ್ಲ.

ನಾವು ಕೋಟಿ ಕೇಳುತ್ತಿಲ್ಲ. ಪ್ರತಿಮೆಯೂ ಬೇಡ. ಪಕ್ಕದ ಮುರುಡೇಶ್ವರದಲ್ಲಿ 123 ಅಡಿಯ ಶಿವ ಕೂತಿರುವಾಗ ಎತ್ತರದ ವಿಷಯದಲ್ಲಿ ಪೈಪೋಟಿಗೆ ಇಳಿಯುವಷ್ಟು ದಡ್ಡರಲ್ಲ ನಾವು. ನಮಗೆ ಬೇಕಾಗಿರುವುದು ಒಂದು ಕಟ್ಟೆ. ಹತ್ತಡಿ ಉದ್ದ, ಎಂಟಡಿ ಅಗಲ, ಮಂಡಿ ಮಟ್ಟದ ಎತ್ತರ, ಮೇಲೆ ಮಳೆಗೆ ಮರೆಯಾಗಿ ಹಂಚಿನ ಮಾಡು, ಹಿಂದಿನ ಗೋಡೆಯಲ್ಲಿ ಅವರದೊಂದು ಚಿತ್ರ, ಕೆಳಗೆ ಹೆಸರು. ಬೇರೆ ದಿನ ಬಸ್ಸು ಕಾಯುವವರು ಕೂರಲಿ, ಹೂವಿನವರು ಬುಟ್ಟಿ ಇಡಲಿ. ಜನವರಿ 29ರ ಸಂಜೆ ಮಾತ್ರ ನಮ್ಮ ತಾಲೂಕಿನ ಒಬ್ಬ ಹುಡುಗಿ ಅದರ ಮೇಲೆ ನಿಂತು ಹರಿಕಥೆ ಮಾಡಬೇಕು.

ಇದಕ್ಕೆ ಸುಮಾರು 2.5 ಲಕ್ಷ ಬೇಕೆಂದು ಮೇಸ್ತ್ರಿ ಲೆಕ್ಕ ಹಾಕಿದ್ದಾರೆ. ಬಂದಿರುವುದು 68,400. ಒಬ್ಬರಿಂದ 501 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ನಾವೇ ಕಟ್ಟು ಮಾಡಿಕೊಂಡಿದ್ದೇವೆ. ಲಕ್ಷ ಕೊಡುತ್ತೇನೆಂದವರು ಒಬ್ಬರಿದ್ದರು. ಅವರ ಹೆಸರು ಕಲ್ಲಿನ ಮೇಲೆ ಎಷ್ಟು ದಪ್ಪಕ್ಕೆ ಬರಬೇಕು ಅನ್ನುವಲ್ಲಿಗೆ ಮಾತು ಮುರಿಯಿತು. ದಾನಿಗಳ ಹೆಸರು ಹಿಗ್ಗಿದಷ್ಟೂ ಆಕೆಯ ಹೆಸರು ಕುಗ್ಗುತ್ತದೆ, ಕಲ್ಲು ಇರುವುದೇ ಇಷ್ಟಗಲ.

ಸಮಸ್ಯೆ ಬೇರೆಯೇ ಇದೆ. “ಕಟ್ಟೆ ಎಲ್ಲಿ ಕಟ್ಟುತ್ತೀರಿ?” ಎಂದು ಕೊಡುವವರು ಕೇಳುತ್ತಾರೆ. ಜಾಗ ಕೇಳಲು ಹೋದ ಕಚೇರಿಯಲ್ಲಿ “ಮೊದಲು ದುಡ್ಡು ಜಮಾ ಆಗಿರುವುದನ್ನು ತೋರಿಸಿ” ಅನ್ನುತ್ತಾರೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ನಾಲ್ಕು ಸಲ ಅರ್ಜಿ ಕೊಟ್ಟೆವು. ಕೊನೆಯ ಸಲ “ಯಾರು, ಬಾಯಿ? ಭಜನೆಯವರಾ?” ಅಂದರು.

ಹಾಗಾಗಿ ತಮ್ಮಲ್ಲಿ ಕೇಳುವುದು ಇಷ್ಟೇ. ಊರೊಳಗಿನ ಯಾವುದಾದರೂ ಸರ್ಕಾರಿ ಜಾಗದ ಮೂಲೆಯೊಂದನ್ನು ಈ ಕಟ್ಟೆಗೆ ಬಿಟ್ಟುಕೊಡುವಂತೆ ತಾವು ಸಂಬಂಧಪಟ್ಟವರಿಗೆ ಒಂದು ಪತ್ರ ಬರೆಯಬೇಕು. ಅದರ ಪ್ರತಿಯನ್ನು ಹಿಡಿದು ಹೊರಟರೆ ಉಳಿದ ದುಡ್ಡು ದೊಡ್ಡ ಮಾತಲ್ಲ. ದುಬೈಯಲ್ಲಿ, ಬೆಂಗಳೂರಿನಲ್ಲಿ ಇರುವ ನಮ್ಮೂರ ಮಕ್ಕಳು ಜಾಗ ಗೊತ್ತಾಗಲಿ ಎಂದೇ ಕಾಯುತ್ತಿದ್ದಾರೆ. ಬಂದ ಪ್ರತಿ ರೂಪಾಯಿಯ ಲೆಕ್ಕವನ್ನೂ ಕಟ್ಟೆಯ ಪಕ್ಕದಲ್ಲೇ ಬರೆದು ಹಾಕುತ್ತೇವೆ. ಉದ್ಘಾಟನೆಗೆ ತಾವೂ ಬನ್ನಿ, ಆದರೆ ದೀಪ ಹಚ್ಚುವವರು ಆ ಹೂವಿನ ಅಮ್ಮ ಎಂದು ಆಗಲೇ ಮಾತು ಕೊಟ್ಟಾಗಿದೆ. ಕ್ಷಮಿಸಬೇಕು.

ಹಾಗೆಯೇ, ಶಾಸಕರಿಗೂ 501 ರೂಪಾಯಿಯೇ ಮಿತಿ. ರಶೀದಿ ಪುಸ್ತಕ ನನ್ನ ಚೀಲದಲ್ಲೇ ಇರುತ್ತದೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಭಟ್ಕಳ